ಪಜಲ್, ಕುತೂಹಲ, ಗಣಿತ: ಎಲ್ಲರೂ ಪದೇ ಪದೇ ಕೇಳೋ ಪ್ರಶ್ನೆಗಳು

ಪಜಲ್ ಹಿಡ್ಕೊಂಡು ಗಣಿತ ಕಲೀಬಹುದು ಅಂತ ಮಾತು ತೆಗೆದ್ರೆ ಸಾಕು, ಅಪ್ಪ ಅಮ್ಮಂದ್ರು, ಮೇಷ್ಟ್ರುಗಳು, ಆಫೀಸಿಗೆ ಹೋಗೋರು ಎಲ್ಲಾ ಹೆಚ್ಚುಕಮ್ಮಿ ಇವನ್ನೇ ಕೇಳ್ತಾರೆ, ಅದಕ್ಕೆ ಒಂದೇ ಕಡೆ ಬರೆದಿಟ್ಟಿದೀನಿ. ಬೇಕಾದ್ದಷ್ಟೇ ಓದ್ಕೊಳಿ. ಆದ್ರೆ ಪಕ್ಕದಲ್ಲಿ ಒಂದು ಪೆನ್ನು, ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಇರ್ಲಿ, ಸುಮ್ನೆ ಕಣ್ಣಾಡಿಸಿದ್ರೆ ಇದ್ರಲ್ಲಿ ಏನೂ ಸಿಗಲ್ಲ.

ಎಸ್ಸೆಸ್ಸೆಲ್ಸಿಲಿ ಮ್ಯಾಥ್ಸ್ ಅಂದ್ರೆ ಜ್ವರ ಬರ್ತಿತ್ತು. ಈಗ ನಲ್ವತ್ತು ದಾಟಿದೆ. ನಂಗೆ ಆಗುತ್ತಾ ಇದೆಲ್ಲ?

ಆಗುತ್ತೆ. ಕೂಡೋದು, ಕಳೆಯೋದು, ಒಂಚೂರು ಗುಣಿಸೋದು ಬಂದ್ರೆ ಈ ಪುಟದಲ್ಲಿರೋ ಮುಕ್ಕಾಲು ಪಾಲು ಮಾಡಬಹುದು. ಸ್ಕೂಲಲ್ಲಿ ಏನಾಗುತ್ತೆ ಅಂದ್ರೆ ಮೊದ್ಲು ಸೂತ್ರ ಬರುತ್ತೆ, ಆಮೇಲೆ ಅದೇ ಸೂತ್ರ ಹಾಕೋ ಇಪ್ಪತ್ತು ಲೆಕ್ಕ ಬರುತ್ತೆ, ಆ ಸೂತ್ರ ಯಾರಿಗೆ ಯಾಕೆ ಬೇಕಾಯ್ತು ಅನ್ನೋದು ಬರೋದೇ ಇಲ್ಲ. ಪಜಲ್‌ನಲ್ಲಿ ಮೊದ್ಲು ತಲೆ ಕೆಡುತ್ತೆ, ಆಮೇಲೆ ಏನಾದ್ರೂ ದಾರಿ ಬೇಕು ಅನ್ಸುತ್ತೆ, ಆ ದಾರಿನೇ ಸೂತ್ರ. ನಿಮಗೆ ಜ್ವರ ಬರ್ತಿದ್ದಿದ್ದು ಮೂರು ಗಂಟೆ ಪೇಪರ್‌ಗೆ ಇರಬಹುದು, ಗಣಿತಕ್ಕಲ್ಲ.

ಸರಿ, ಒಂದು ಕೊಡಿ ನೋಡೋಣ.

ನಾಲ್ಕು ಅಂಕಿಯ ಯಾವುದಾದ್ರೂ ಸಂಖ್ಯೆ ತಗೊಳಿ, ನಾಲ್ಕೂ ಒಂದೇ ಅಂಕಿ ಆಗಿರಬಾರದು ಅಷ್ಟೇ, 2222 ಥರದ್ದು ಬೇಡ. ಅಂಕಿಗಳನ್ನ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಬರೀರಿ, ಅದರ ಕೆಳಗೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಬರೀರಿ, ಕಳೀರಿ. ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡಿ. ಕನ್ನಡ ಮಾತಾಡೋ ಪ್ರದೇಶಗಳು ಒಂದಾದ 1956 ತಗೊಳ್ಳೋಣ. 9651 − 1569 = 8082. ಆಮೇಲೆ 8820 − 0288 = 8532. ಆಮೇಲೆ 8532 − 2358 = 6174. ಈಗ ಇನ್ನೊಂದು ಸಲ ಮಾಡಿ: 7641 − 1467 = 6174. ಅಲ್ಲೇ ನಿಂತೋಯ್ತು! ಕರ್ನಾಟಕ ಅಂತ ಹೆಸರಿಟ್ಟ 1973 ತಗೊಂಡ್ರೆ ಎರಡೇ ಹೆಜ್ಜೆಲಿ ಅಲ್ಲಿಗೇ ಹೋಗುತ್ತೆ. ನಿಮ್ಮ ಹುಟ್ಟಿದ ವರ್ಷ, ಬೈಕ್ ನಂಬರು, ಯಾವುದು ಹಾಕಿದ್ರೂ ಏಳು ಹೆಜ್ಜೆ ಒಳಗೆ 6174 ಸಿಕ್ಕೇ ಸಿಗುತ್ತೆ. ಮಧ್ಯೆ ಎಲ್ಲಾದ್ರೂ 999 ಬಂದ್ರೆ 0999 ಅಂತ ನಾಲ್ಕಂಕಿ ಮಾಡ್ಕೊಳಿ.

ಇದನ್ನ ಕಂಡುಹಿಡಿದೋರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್, ನಾಸಿಕ್ ಹತ್ರ ದೇವಳಾಲಿಲಿ ಸ್ಕೂಲ್ ಮೇಷ್ಟ್ರಾಗಿದ್ದೋರು. ವರ್ಷ 1949. ದೊಡ್ಡ ಯೂನಿವರ್ಸಿಟಿ ಕೆಲಸ ಇಲ್ಲ, ಸಂಶೋಧನೆಯ ಡಿಗ್ರಿ ಇಲ್ಲ, ಸಂಖ್ಯೆ ಜೊತೆ ಆಟ ಆಡೋ ಚಟ ಮಾತ್ರ ಇತ್ತು. 1975ರಲ್ಲಿ ಅಮೆರಿಕದ ಪಜಲ್ ಲೇಖಕ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಇವರ ಬಗ್ಗೆ ಬರೆದ್ಮೇಲೆ ಪ್ರಪಂಚಕ್ಕೆ ಗೊತ್ತಾದ್ರು. ನಮ್ಮ ಪಕ್ಕದ ರಾಜ್ಯದ ಮೇಷ್ಟ್ರು ಹೆಸರು ನಮ್ಮ ಪಠ್ಯಪುಸ್ತಕಕ್ಕಿಂತ ಮೊದ್ಲು ಅಲ್ಲಿಂದ ಸುತ್ತಿ ಬರಬೇಕಾಯ್ತು, ಇರ್ಲಿ ಬಿಡಿ.

ಮಜಾ ಇದೆ, ಆದ್ರೆ ಇದು ಮ್ಯಾಜಿಕ್ ಟ್ರಿಕ್ ಅಲ್ವಾ? ಇದ್ರಲ್ಲಿ ಗಣಿತ ಎಲ್ಲಿದೆ?

ಅಯ್ಯೋ ಅಂತ ಬಾಯಿಬಿಟ್ಟು ಅಲ್ಲಿಗೇ ನಿಲ್ಲಿಸಿದ್ರೆ ಟ್ರಿಕ್. "ಯಾಕೆ?" ಅಂದ ತಕ್ಷಣ ಗಣಿತ ಶುರು.

ನೋಡಿ, ಹತ್ತಿರ ಹತ್ತಿರ ಹತ್ತು ಸಾವಿರ ಸಂಖ್ಯೆ ಇದಾವೆ, ಎಲ್ಲಾ ಪರೀಕ್ಷೆ ಮಾಡಕ್ಕೆ ಯಾರಿಗೆ ಟೈಮಿದೆ. ಆದ್ರೆ ಮೊದಲನೇ ಕಳೆಯೋ ಹೆಜ್ಜೆನ ಸ್ವಲ್ಪ ಗಮನಿಸಿ. ನಾಲ್ಕು ಅಂಕಿನ ದೊಡ್ಡದರಿಂದ ಚಿಕ್ಕದಕ್ಕೆ ಇಟ್ಟಾಗ, ಹೊರಗಿನ ಎರಡು ಅಂಕಿಗಳ ವ್ಯತ್ಯಾಸ ಎಷ್ಟೋ ಅದನ್ನ 999ರಿಂದ ಗುಣಿಸಿ, ಒಳಗಿನ ಎರಡರ ವ್ಯತ್ಯಾಸನ 90ರಿಂದ ಗುಣಿಸಿ, ಕೂಡಿ: ಅದೇ ಉತ್ತರ. 9651ರಲ್ಲಿ ಹೊರಗಿನದು 9 ಮತ್ತೆ 1, ವ್ಯತ್ಯಾಸ 8. ಒಳಗಿನದು 6 ಮತ್ತೆ 5, ವ್ಯತ್ಯಾಸ 1. 8 × 999 + 90 = 8082. ಬಂತಲ್ಲ? ಅಂದ್ರೆ ಅಂಕಿಗಳು ಯಾವುವು ಅನ್ನೋದು ಮುಖ್ಯನೇ ಅಲ್ಲ, ಆ ಎರಡು ವ್ಯತ್ಯಾಸ ಮಾತ್ರ ಮುಖ್ಯ. ಹೊರಗಿನ ವ್ಯತ್ಯಾಸ 1ರಿಂದ 9ರವರೆಗೆ ಇರಬಹುದು, ಒಳಗಿನದು ಹೊರಗಿನದಕ್ಕಿಂತ ಜಾಸ್ತಿ ಆಗಕ್ಕಾಗಲ್ಲ, ಹಾಗಾಗಿ ಒಟ್ಟು ಸಾಧ್ಯತೆ ಬರೀ 54. ಹತ್ತು ಸಾವಿರದ ಗುಂಪು ಒಂದೇ ಹೆಜ್ಜೆಲಿ 54ಕ್ಕೆ ಇಳೀತು. 54 ಅಂದ್ರೆ ಒಂದು ಭಾನುವಾರ ಮಧ್ಯಾಹ್ನ ಕೂತು ಮಾಡೋ ಅಷ್ಟು ಕೆಲಸ.

ಇನ್ನೂ ಸುಲಭ ಬೇಕಾ, ಮೂರಂಕಿ ತಗೊಳಿ. ಅಲ್ಲಿ ಹೊರಗಿನ ವ್ಯತ್ಯಾಸ ಒಂದೇ ಲೆಕ್ಕಕ್ಕೆ ಬರೋದು, ಅದನ್ನ 99ರಿಂದ ಗುಣಿಸಿದ್ರೆ ಮುಗೀತು, ಒಂಬತ್ತೇ ಸಾಧ್ಯತೆ. ಎಲ್ಲಾ 495ಕ್ಕೆ ಹೋಗಿ ನಿಲ್ಲುತ್ತೆ, ಆರನೇ ಕ್ಲಾಸ್ ಮಗು ಒಂದು ಹಾಳೆಲಿ ಪೂರ್ತಿ ಸಾಧಿಸಿ ತೋರಿಸಬಹುದು, ಇದನ್ನೇ ದೊಡ್ಡೋರು ಪ್ರೂಫ್ ಅಂತಾರೆ. ಎರಡಂಕಿಲಿ ಮಾತ್ರ ಬೇರೆ ಕಥೆ, ಎಲ್ಲೂ ನಿಲ್ಲಲ್ಲ, 9, 81, 63, 27, 45, ಮತ್ತೆ 9 ಅಂತ ಸುತ್ತುತ್ತಾನೇ ಇರುತ್ತೆ. ಐದಂಕಿಲಿ ಏನಾಗುತ್ತೆ? ಅದನ್ನ ನಾನು ಹೇಳಲ್ಲ.

ಹಾಗಾದ್ರೆ ಪಜಲ್ ಬಿಡಿಸೋದಕ್ಕೂ ಗಣಿತ ಮಾಡೋದಕ್ಕೂ ಏನು ವ್ಯತ್ಯಾಸ?

ಉತ್ತರ ಬಂದ್ಮೇಲೆ ಪೆನ್ನು ಕೆಳಗಿಟ್ರೆ ಪಜಲ್ ಬಿಡಿಸಿದ್ರಿ. ಉತ್ತರ ಬಂದ್ಮೇಲೆ ಪ್ರಶ್ನೆನೇ ಬದಲಾಯಿಸಿ ಮತ್ತೆ ಕೇಳಿದ್ರೆ ಗಣಿತ ಮಾಡಿದ್ರಿ. ನಂಗೆ ಇಷ್ಟೇ ಗೊತ್ತಿರೋದು, ಈ ಪುಟ ಪೂರ್ತಿ ಇದೇ.

ಅಜ್ಜಿಯರು ಕೇಳೋ ಹಳೇ ಲೆಕ್ಕ ಇದೆಯಲ್ಲ: ಕೊಳದಲ್ಲಿ ಒಂದಿಷ್ಟು ತಾವರೆ, ಒಂದಿಷ್ಟು ದುಂಬಿ. ಹೂವಿಗೊಂದು ದುಂಬಿ ಕೂತ್ರೆ ಒಂದು ದುಂಬಿಗೆ ಜಾಗ ಇಲ್ಲ, ಹೂವಿಗೆ ಎರಡೆರಡು ಕೂತ್ರೆ ಒಂದು ಹೂವು ಖಾಲಿ. ಹೂವೆಷ್ಟು ದುಂಬಿಯೆಷ್ಟು? ಮೂರು ಹೂವು ನಾಲ್ಕು ದುಂಬಿ, ಅದು ಎಲ್ಲರಿಗೂ ಗೊತ್ತು, ಎಕ್ಸ್ ವೈ ಹಾಕಿನೂ ಬರುತ್ತೆ ಸುಮ್ನೆ ಊಹೆ ಮಾಡಿದ್ರೂ ಬರುತ್ತೆ. ಈಗ ಬದಲಾಯಿಸಿ. ಎರಡೆರಡರ ಬದ್ಲು ಮೂರುಮೂರು ಕೂತ್ರೆ ಒಂದು ಹೂವು ಖಾಲಿ ಅನ್ನಿ. ಎರಡು ಹೂವು, ಮೂರು ದುಂಬಿ, ಬಂತು. ನಾಲ್ಕುನಾಲ್ಕು ಅನ್ನಿ. ಬರಲ್ಲ! ಐದೈದು, ಆರಾರು, ಎಷ್ಟಾದ್ರೂ ಹಾಕಿ, ಬರಲ್ಲ.

ಯಾಕೆ ಅಂತ ಎಕ್ಸ್ ವೈ ಇಲ್ಲದೇ ನೋಡಬಹುದು. ಕೊನೆಗೆ ಖಾಲಿ ಬೀಳೋ ಹೂವನ್ನ ಮೊದ್ಲೇ ಪಕ್ಕಕ್ಕೆ ಇಡಿ. ಒಂದೊಂದು ಕೂತಾಗ ಆ ಹೂವಿನ ಮೇಲೆ ಒಂದು ದುಂಬಿ ಇತ್ತು, ಜಾಗ ಸಿಗದೇ ಹಾರ್ತಿದ್ದಿದ್ದು ಇನ್ನೊಂದು. ಈ ಎರಡು ದುಂಬಿ ಈಗ ಉಳಿದ ಹೂವುಗಳ ಮೇಲೆ ಸಮನಾಗಿ ಹಂಚ್ಕೋಬೇಕು. ಎರಡನ್ನ ಸಮನಾಗಿ ಹಂಚಕ್ಕೆ ಉಳಿದ ಹೂವು ಒಂದಿರಬೇಕು ಇಲ್ಲಾ ಎರಡಿರಬೇಕು, ಮೂರನೇ ದಾರಿ ಇಲ್ಲ. ಅದಕ್ಕೇ ಎರಡೇ ಉತ್ತರ. ಜಾಗ ಸಿಗದೇ ಇದ್ದಿದ್ದು ಒಂದಲ್ಲ ಐದು ದುಂಬಿ ಅಂದ್ರೆ ಹಂಚ್ಬೇಕಾಗಿರೋದು ಆರು, ಆರನ್ನ 1, 2, 3, 6ಕ್ಕೆ ಸಮ ಹಂಚಬಹುದು, ಹಾಗಾಗಿ ನಾಲ್ಕು ಉತ್ತರ. ಅಜ್ಜಿ ಒಗಟಿನ ಹೊಟ್ಟೆಲಿ ಅಪವರ್ತನ ಕೂತಿತ್ತು ಅಂತ ಯಾರಿಗೆ ಗೊತ್ತಿತ್ತು.

ನಮ್ಮ ಕರ್ನಾಟಕದಲ್ಲಿ ಹಿಂದೆ ಇಂಥದ್ದೆಲ್ಲ ಇತ್ತಾ, ಇಲ್ಲ ಇದು ಈಗಿನ ಫ್ಯಾಷನ್ನಾ?

ಭರ್ಜರಿಯಾಗಿ ಇತ್ತು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದ್ರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಅನ್ನೋರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ್ರು. ನೃಪತುಂಗನ ರಾಜಧಾನಿ ಮಾನ್ಯಖೇಟ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಪುಸ್ತಕದಲ್ಲಿ ಹೂಮಾಲೆ ಥರದ ಸಂಖ್ಯೆಗಳು ಬರ್ತಾವೆ, ಯಾವ ಕಡೆಯಿಂದ ಓದಿದ್ರೂ ಒಂದೇ. 139 × 109 ಗುಣಿಸಿ ನೋಡಿ, 15151. 27994681 × 441 ಮಾಡಿ, 12345654321 ಬರುತ್ತೆ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಬರೀ ಚೆಂದ ಇದೆ ಅನ್ನೋ ಕಾರಣಕ್ಕೆ ಇಂಥದ್ದು ಹುಡುಕಿದಾರೆ ಅಂದ್ರೆ ಅವರಿಗೆ ಎಷ್ಟು ಖುಷಿ ಇದ್ದಿರಬೇಕು ನೋಡಿ. 12ನೇ ಶತಮಾನಕ್ಕೆ ಬಂದ್ರೆ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದಿದಾನೆ.

ಆಮೇಲೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಇವರಿಗೆ ಬೋರ್ಡ್ ಗೇಮ್ ಅಂದ್ರೆ ಹುಚ್ಚು, ಅದ್ರಲ್ಲೂ ಚದುರಂಗದ ಕುದುರೆ ನಡೆ. ಕುದುರೆ 64 ಮನೆಗೂ ಒಂದೊಂದೇ ಸಲ ಹೋಗಬೇಕು, ಹೋದ ಕ್ರಮದಲ್ಲಿ 1ರಿಂದ 64ರವರೆಗೆ ನಂಬರ್ ಹಾಕ್ತಾ ಹೋಗ್ಬೇಕು. ಅದೇ ಕಷ್ಟ. ಒಡೆಯರ ಹೆಸರಲ್ಲಿರೋ ಒಂದು ಕುದುರೆ ನಡೆಲಿ ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು ಕೂಡಿದ್ರೂ 260 ಬರುತ್ತೆ. ಮೂಲೆಯಿಂದ ಮೂಲೆಗೆ ಹೋಗೋ ಎರಡು ಕರ್ಣನೂ 260 ಬರೋ ಹಾಗೆ ಮಾಡಕ್ಕಾಗುತ್ತಾ ಅನ್ನೋದು ಎಷ್ಟೋ ವರ್ಷ ಹಾಗೇ ಉಳ್ಕೊಂಡಿತ್ತು, ಕೊನೆಗೆ 2003ರಲ್ಲಿ ಕಂಪ್ಯೂಟರ್ ಎಲ್ಲಾ ದಾರಿ ಜಾಲಾಡಿ ಆಗಲ್ಲ ಅಂತ ಹೇಳ್ತು. ರಾಜರಿಗೆ ಅದನ್ನ ಹೇಳೋರು ಇರ್ಲಿಲ್ಲ.

ನಾನು ಕನ್ನಡ ಟೀಚರ್. ಗಣಿತದೋರು ಮಾತ್ರ ಮಜಾ ಮಾಡ್ಬೇಕಾ?

ಮೇಡಂ, ಅಸಲಿ ಖಜಾನೆ ನಿಮ್ಮ ಹತ್ರನೇ ಇದೆ! "ಯಮಾತಾರಾಜಭಾನಸಲಗಂ" ಹೇಳ್ಕೊಡ್ತೀರಲ್ಲ, ಅದು ಎಂಥಾ ವಸ್ತು ಅಂತ ಯೋಚನೆ ಮಾಡಿದೀರಾ? ಲಘು ಗುರು ಸೇರಿಸಿ ಮೂರಕ್ಷರದ ಗಣ ಎಂಟು ಥರ ಆಗಬಹುದು. ಎಂಟನ್ನೂ ಬೇರೆ ಬೇರೆ ಬರೆದ್ರೆ 24 ಅಕ್ಷರ ಬೇಕು. ಈ ಸಾಲಲ್ಲಿ ಹತ್ತೇ ಅಕ್ಷರಕ್ಕೆ ಎಂಟೂ ಬಂದುಬಿಡುತ್ತೆ, ಮೊದಲ ಎಂಟರಲ್ಲಿ ಯಾವ ಅಕ್ಷರದಿಂದ ಹಿಡಿದು ಮೂರು ಎಣಿಸಿದ್ರೂ ಆ ಅಕ್ಷರದ ಗಣನೇ, ಒಂದೂ ರಿಪೀಟ್ ಇಲ್ಲ. ಕೊನೇ ಎರಡಕ್ಷರ (ಲ, ಗಂ) ಲಘು ಗುರು, ಮೊದಲೆರಡೂ (ಯ, ಮಾ) ಲಘು ಗುರುನೇ, ಹಾಗಾಗಿ ಬಳೆ ಥರ ಸುತ್ತಿದ್ರೆ ಎಂಟಕ್ಷರ ಸಾಕು. ಇಂಥಾ ಸುತ್ತಿಗೆ ಈಗಿನ ಗಣಿತದಲ್ಲಿ ಡಿ ಬ್ರೂಯಿನ್ ಸೀಕ್ವೆನ್ಸ್ ಅಂತಾರೆ, ಜೀನೋಮ್ ತುಣುಕುಗಳನ್ನ ಜೋಡಿಸೋ ಸಾಫ್ಟ್‌ವೇರ್‌ಗಳಲ್ಲಿ ಇದಕ್ಕೆ ಸಂಬಂಧಪಟ್ಟ ಐಡಿಯಾನೇ ಬಳಸ್ತಾರೆ. ಮಕ್ಕಳಿಗೆ ಕೇಳಿ: ನಾಲ್ಕಕ್ಷರದ ಗಣ ಅಂತಿದ್ರೆ 16 ಥರ ಆಗ್ತಿತ್ತು, 16 ಅಕ್ಷರದ ಬಳೆ ಕಟ್ಟಕ್ಕಾಗುತ್ತಾ? ಆಗುತ್ತೆ, ಕಟ್ಲಿ.

ಇನ್ನು ಮಾತ್ರಾಗಣ. ಲಘುಗೆ ಒಂದು ಮಾತ್ರೆ, ಗುರುಗೆ ಎರಡು. ಮೂರು ಮಾತ್ರೆ ತುಂಬಿಸೋ ದಾರಿ ಮೂರು: ಲಲಲ, ಲಗ, ಗಲ. ನಾಲ್ಕು ಮಾತ್ರೆಗೆ ಐದು. ಐದಕ್ಕೆ ಎಂಟು. 1, 2, 3, 5, 8, 13, ಇದನ್ನೆಲ್ಲೋ ನೋಡಿದೀನಲ್ಲ ಅನ್ಸುತ್ತಾ? ಹೌದು, ಫಿಬೊನಾಚಿ. ಕೊನೇ ಅಕ್ಷರ ಲಘು ಆದ್ರೆ ಮುಂಚೆ ಇರೋದು ಒಂದು ಮಾತ್ರೆ ಕಮ್ಮಿ, ಗುರು ಆದ್ರೆ ಎರಡು ಮಾತ್ರೆ ಕಮ್ಮಿ, ಅದಕ್ಕೇ ಹಿಂದಿನ ಎರಡನ್ನ ಕೂಡಿದ್ರೆ ಮುಂದಿನದು ಬರೋದು. ಇಟಲಿಯ ಫಿಬೊನಾಚಿ ಮೊಲಗಳ ಲೆಕ್ಕ ಬರೆದಿದ್ದು 1202ರಲ್ಲಿ, ಅದಕ್ಕೆ ಶತಮಾನಗಳ ಮುಂಚೆನೇ ವಿರಹಾಂಕ, ಸುಮಾರು ಅರ್ಧ ಶತಮಾನ ಮುಂಚೆ ಹೇಮಚಂದ್ರ ಛಂದಸ್ಸು ಎಣಿಸ್ತಾ ಇದನ್ನ ಹೇಳಿಬಿಟ್ಟಿದ್ರು.

ಇಲ್ಲಿಗೂ ನಿಲ್ಲಿಸಬೇಡಿ, ನಮ್ಮ ಕನ್ನಡದ ಷಟ್ಪದಿಲಿ ಒಂದು ಮಡಿವಂತಿಕೆ ಇದೆ, ಗಣ ಲಘು-ಗುರುವಿಂದ ಶುರುವಾಗಬಾರದು, ಲಗ ಅಂತ ಮೊದಲಿಗೆ ಬಂದ್ರೆ ನಡೆ ಎಡವುತ್ತೆ. ಆ ನಿಯಮ ಹಾಕಿ ಮತ್ತೆ ಎಣಿಸಿ. ಮೂರು ಮಾತ್ರೆಗೆ 2, ನಾಲ್ಕಕ್ಕೆ 4, ಐದಕ್ಕೆ 6, ಆರಕ್ಕೆ 10. ಎಲ್ಲಾ ಅರ್ಧ ಮಾಡಿ: 1, 2, 3, 5. ಮತ್ತೆ ಅದೇ ಸಾಲು ಬಂತು! ಯಾಕಂದ್ರೆ ಲಗದಿಂದ ಶುರು ಮಾಡಂಗಿಲ್ಲ ಅಂದ್ರೆ ಗಣ ಶುರುವಾಗೋದು ಒಂದು ಗುರುವಿಂದ, ಇಲ್ಲಾಂದ್ರೆ ಎರಡು ಲಘುವಿಂದ, ಎರಡಕ್ಕೂ ಎರಡೇ ಮಾತ್ರೆ ಖರ್ಚು, ಉಳಿದಿದ್ದನ್ನ ಹೇಗೆ ಬೇಕಾದ್ರೂ ತುಂಬಿ. ಹಾಗಾಗಿ ಭಾಮಿನಿಯ ಮೊದಲ ಸಾಲು, ಮೂರು ನಾಲ್ಕು ಮೂರು ನಾಲ್ಕು ಮಾತ್ರೆ, 2 × 4 × 2 × 4, ಅಂದ್ರೆ 64 ಥರದ ನಡಿಗೆಲಿ ಬರಬಹುದು. ಗದುಗಿನ ಭಾರತ ತೆಗೆದು ಯಾವ ನಡಿಗೆ ಜಾಸ್ತಿ ಇದೆ ಅಂತ ಹುಡುಗರ ಕೈಲಿ ಎಣಿಸಿ, ಕನ್ನಡ ಪೀರಿಯಡ್ಡೋ ಗಣಿತ ಪೀರಿಯಡ್ಡೋ ಅಂತ ಹೆಚ್ಚೆಮ್ಮು ಬಂದು ಕೇಳ್ಬೇಕು.

ರಂಗೋಲಿಲಿ ಗಣಿತ ಇದೆ ಅಂತಾರೆ, ಸಿಮಿಟ್ರಿ ಬಿಟ್ಟು ಇನ್ನೇನಿದೆ?

ಚುಕ್ಕಿ ಇಟ್ಟು ಸುತ್ತ ಎಳೆ ಸುತ್ತಿಸೋ ರಂಗೋಲಿ ಗೊತ್ತಲ್ಲ, ಎಳೆ ಚುಕ್ಕಿ ಮುಟ್ಟದೇ ಓರೆಯಾಗಿ ಚುಕ್ಕಿಗಳ ನಡುವೆ ಹೋಗುತ್ತೆ, ಅಂಚಿಗೆ ಬಂದಾಗ ತಿರುಗುತ್ತೆ, ಕೊನೆಗೆ ಶುರುವಾದ ಕಡೆಗೇ ಬಂದು ಸೇರುತ್ತೆ. ಚುಕ್ಕಿಗಳು ಆಯತಾಕಾರದಲ್ಲಿ ಇರ್ಲಿ. 2 ಸಾಲು, ಸಾಲಿಗೆ 3 ಚುಕ್ಕಿ ಇಟ್ಟು ಎಳೀರಿ, ಒಂದೇ ಎಳೆಲಿ ಎಲ್ಲಾ ಚುಕ್ಕಿ ಸುತ್ತಿ ಮುಗಿಯುತ್ತೆ. 2 ಸಾಲು, ಸಾಲಿಗೆ 2 ಇಡಿ, ಒಂದು ಎಳೆ ಮುಗಿದ್ಮೇಲೂ ಜಾಗ ಉಳಿಯುತ್ತೆ, ಎರಡನೇದು ಬೇಕು. 3ಕ್ಕೆ 3 ಇಟ್ರೆ ಮೂರು ಎಳೆ. 4ಕ್ಕೆ 6 ಇಟ್ರೆ ಎರಡು. 4ಕ್ಕೆ 5 ಇಟ್ರೆ ಒಂದೇ! ಗೊತ್ತಾಯ್ತಾ? ಎಷ್ಟು ಎಳೆ ಬೇಕು ಅನ್ನೋದು ಆ ಎರಡು ಸಂಖ್ಯೆಗಳ ಮ.ಸಾ.ಅ. ಸ್ಕೂಲಲ್ಲಿ ಭಾಗಾಕಾರ ಹಾಕಿ ಹಾಕಿ ಬೇಜಾರಾಗಿದ್ದ ಅದೇ ಮಹತ್ತಮ ಸಾಮಾನ್ಯ ಅಪವರ್ತನ ಬಾಗಿಲ ಮುಂದೆ ಕೂತಿದೆ. ಒಂದೇ ಎಳೆಲಿ ಮುಗೀಬೇಕು ಅಂದ್ರೆ ಸಾಮಾನ್ಯ ಅಪವರ್ತನ ಇಲ್ಲದ ಸಂಖ್ಯೆ ಆರಿಸ್ಕೋಬೇಕು ಅಷ್ಟೇ.

ಮನೇಲಿ ಚಿಕ್ಕ ಮಕ್ಕಳಿದಾರೆ, ದುಡ್ಡು ಖರ್ಚು ಮಾಡ್ದೇ ಏನಾದ್ರೂ ಹೇಳಿ.

21 ಹುಣಸೆಬೀಜ. ಇಬ್ಬರು ಕೂರಿ. ಒಂದು ಸಲಕ್ಕೆ ಒಂದು, ಎರಡು ಇಲ್ಲ ಮೂರು ಬೀಜ ತಗೋಬಹುದು, ಕೊನೇ ಬೀಜ ತಗೊಂಡೋರು ಗೆದ್ರು. ಮೊದ್ಲು ಸೋತು ಸೋತು ಮಗು ಸಿಟ್ಟು ಮಾಡ್ಕೊಳುತ್ತೆ, ಮಾಡ್ಕೊಳ್ಲಿ, ಗುಟ್ಟು ಮಾತ್ರ ಹೇಳಬೇಡಿ. ಸ್ವಲ್ಪ ಹೊತ್ತಿಗೆ "ನಾಲ್ಕು ಉಳಿಸಿದ್ರೆ ಅಪ್ಪ ಸೋಲ್ತಾರೆ" ಅಂತ ಅದೇ ಕಂಡ್ಕೊಳುತ್ತೆ, ಆಮೇಲೆ ಎಂಟು ಉಳಿಸಿದ್ರೂ ಅಂತ, ಆಮೇಲೆ ನಾಲ್ಕರ ಮಗ್ಗಿ ತಾನಾಗಿ ಬಾಯಿಗೆ ಬರುತ್ತೆ. ಅದು ಕಂಡ್ಕೊಂಡ ದಿನ ನೀವು ನಿಯಮ ಬದಲಾಯಿಸಿ: ಕೊನೇ ಬೀಜ ತಗೊಂಡೋರು ಸೋತಂಗೆ. ಈಗ ಮೊದಲ ಆಟ ಯಾರು ಆಡ್ಬೇಕು? ಚನ್ನೆಮಣೆ ಇದ್ರೆ ಇನ್ನೂ ಒಳ್ಳೇದು, ಯಾವ ಗುಳಿಯಿಂದ ಎತ್ತಿದ್ರೆ ಎಲ್ಲಿ ಮುಗಿಯುತ್ತೆ ಅಂತ ಮನಸ್ಸಲ್ಲೇ ಎಣಿಸೋದು ಯಾವ ವರ್ಕ್‌ಶೀಟ್‌ಗೂ ಕಮ್ಮಿ ಇಲ್ಲ.

ಅಬ್ಯಾಕಸ್, ವೇದಿಕ್ ಮ್ಯಾಥ್ಸ್ ಕ್ಲಾಸಿಗೆ ಸೇರಿಸ್ಲಾ? ಮಗ್ಗಿ ಬಾಯಿಪಾಠ ಬೇಕಾ?

ಮಗ್ಗಿ ಬೇಕು, ಅದ್ರಲ್ಲಿ ವಾದ ಇಲ್ಲ. ಕ್ಲಾಸಿನ ವಿಷಯ, ಸ್ಪೀಡ್ ಬರುತ್ತೆ, ಖುಷಿ ಆದ್ರೆ ಹೋಗ್ಲಿ, ಆದ್ರೆ ಸ್ಪೀಡೇ ಗಣಿತ ಅಂತ ಮಗುಗೆ ಅನ್ಸಿದ್ರೆ ನಷ್ಟ. ಬೆಂಗಳೂರಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಲ್ಲಿ 13 ಅಂಕಿಯ ಎರಡು ಸಂಖ್ಯೆ 28 ಸೆಕೆಂಡಲ್ಲಿ ಗುಣಿಸಿದ್ರು, ಸರಿ, ಆದ್ರೆ ಅದೇ ಶಕುಂತಲಾ ದೇವಿ ಪಜಲ್ ಪುಸ್ತಕನೂ ಬರೆದ್ರು ಅನ್ನೋದನ್ನ ಜನ ಮರೀತಾರೆ. 97 × 96 ಅಂದ್ರೆ 3 ಮತ್ತೆ 4 ಕಮ್ಮಿ, ನೂರರಲ್ಲಿ 7 ಕಳೆದು 93, 3 × 4 = 12, ಉತ್ತರ 9312. ಟ್ರಿಕ್ ಕಲಿಸಿದ ಮೇಲೆ ಇದು ಯಾಕೆ ಕೆಲಸ ಮಾಡುತ್ತೆ ಅಂತ ಕ್ಲಾಸಿನೋರು ಹೇಳ್ಕೊಟ್ರೆ ಫೀಸು ಕಟ್ಟಿ.

ಮಗ್ಗಿಲೂ ಕೇಳೋದು ಬೇಕಾದಷ್ಟಿದೆ. 7ರ ಮಗ್ಗಿಲಿ ಬಿಡಿ ಸ್ಥಾನ ನೋಡಿ: 7, 4, 1, 8, 5, 2, 9, 6, 3, 0. ಹತ್ತೂ ಅಂಕಿ ಒಂದೊಂದು ಸಲ. 6ರ ಮಗ್ಗಿಲಿ ಐದೇ ಅಂಕಿ ತಿರುಗಾಮುರುಗಾ. 3ರ ಮಗ್ಗಿಲಿ 7ರದ್ದೇ ಹಿಂದುಮುಂದಾಗಿ ಬರುತ್ತೆ. ಯಾಕೆ?

ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ 6 ÷ 2(1+2) ಎಷ್ಟು ಅಂತ ಜಗಳ ಆಗ್ತಿದೆ. ಸರಿ ಉತ್ತರ ಏನು?

ಗ್ರೂಪ್ ಮ್ಯೂಟ್ ಮಾಡಿ. ಅದು ಬರೆಯೋ ರೀತಿಲಿ ಇರೋ ಗೊಂದಲ, ಅಲ್ಲಿ ಕಂಡುಹಿಡಿಯೋ ಅಂಥದ್ದು ಏನೂ ಇಲ್ಲ. ಒಂದು ಬ್ರಾಕೆಟ್ ಜಾಸ್ತಿ ಹಾಕಿದ್ರೆ ಮುಗೀತು.

"1, 2, 4, 8, 16, ಮುಂದೇನು" ಅನ್ನೋದು ಬಂದ್ರೆ ಮಾತ್ರ ಇದನ್ನ ಕಳಿಸಿ: ಒಂದು ವೃತ್ತದ ಮೇಲೆ ಚುಕ್ಕಿ ಇಡಿ, ಪ್ರತಿ ಚುಕ್ಕಿಯಿಂದ ಪ್ರತಿ ಚುಕ್ಕಿಗೂ ಗೆರೆ ಎಳೀರಿ, ಒಂದೇ ಜಾಗದಲ್ಲಿ ಮೂರು ಗೆರೆ ಸೇರದಂಗೆ ನೋಡ್ಕೊಳಿ, ವೃತ್ತ ಎಷ್ಟು ತುಂಡಾಯ್ತು ಎಣಿಸಿ. ಒಂದು ಚುಕ್ಕಿಗೆ 1, ಆಮೇಲೆ 2, 4, 8, ಐದು ಚುಕ್ಕಿಗೆ 16. ಆರಕ್ಕೆ? 32 ಅಲ್ಲ, 31. ಎಷ್ಟು ಸಲ ಎಣಿಸಿದ್ರೂ 31ನೇ. ಐದು ಸಲ ನಿಜ ಆದ್ರೆ ಆರನೇ ಸಲನೂ ನಿಜ ಆಗ್ಬೇಕು ಅಂತೇನಿಲ್ಲ, ಪ್ರೂಫ್ ಯಾಕೆ ಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೇ ಉತ್ತರ ನಂಗೆ ಗೊತ್ತಿಲ್ಲ.

ದಿನಾ ಸುಡೊಕು ಮಾಡ್ತೀನಿ. ಅದು ಗಣಿತನಾ?

ಅಂಕಿ ಬದ್ಲು ಒಂಬತ್ತು ಹಣ್ಣಿನ ಚಿತ್ರ ಹಾಕಿದ್ರೂ ಆಟ ಹಂಗೇ ನಡೆಯುತ್ತೆ, ಲೆಕ್ಕ ಇಲ್ಲ, ತರ್ಕ ಇದೆ. ಆದ್ರೆ ಒಂದೇ ಉತ್ತರ ಬರ್ಬೇಕಾದ್ರೆ ಕನಿಷ್ಠ ಎಷ್ಟು ಅಂಕಿ ಮೊದ್ಲೇ ಕೊಡ್ಬೇಕು ಅಂತ ಕೇಳಿದ್ರೆ ಗಣಿತನೇ. 17. ಹದಿನಾರಕ್ಕೆ ಆಗಲ್ಲ ಅಂತ 2012ರಲ್ಲಿ ಡಬ್ಲಿನ್ನಿನ ಗ್ಯಾರಿ ಮೆಕ್‌ಗ್ವೈರ್ ಮತ್ತೆ ಜೊತೆಯೋರು ಕಂಪ್ಯೂಟರ್ ಹಾಕಿ ತೋರಿಸಿದ್ರು.

ಅರ್ಧ ಗಂಟೆ ಕೂತ್ರೂ ಹೊಳೆಯಲ್ಲ. ಉತ್ತರ ನೋಡ್ಬಿಡ್ಲಾ?

ಬೇಡ, ಮೊದ್ಲು ಚಿಕ್ಕದು ಮಾಡಿ. ಉದಾಹರಣೆಗೆ ಚೆಸ್ ಬೋರ್ಡಿನ ಎದುರುಬದುರು ಮೂಲೆಯ ಎರಡು ಮನೆ ಕತ್ತರಿಸಿ ಹಾಕಿ, 62 ಮನೆ ಉಳೀತು. ಎರಡು ಮನೆ ಮುಚ್ಚೋ ಪಟ್ಟಿ 31 ಇವೆ. ಪೂರ್ತಿ ಮುಚ್ಚಕ್ಕಾಗುತ್ತಾ? ದೊಡ್ಡ ಬೋರ್ಡಲ್ಲಿ ಗಂಟೆಗಟ್ಟಲೆ ಜೋಡಿಸ್ತಾನೇ ಇರ್ತೀರ. 2 × 2 ಬೋರ್ಡ್ ತಗೊಂಡು ಎರಡು ಮೂಲೆ ತೆಗೀರಿ, ಉಳಿದ ಎರಡು ಮನೆ ಒಂದರ ಪಕ್ಕ ಒಂದು ಇಲ್ಲವೇ ಇಲ್ಲ, ಪಟ್ಟಿ ಕೂರಲ್ಲ. 4 × 4ರಲ್ಲಿ ಮಾಡಿ, ಆಗಲ್ಲ. ಯಾಕೆ ಅಂತ ದಿಟ್ಟಿಸ್ತಾ ಇದ್ರೆ ಬಣ್ಣ ಕಣ್ಣಿಗೆ ಬೀಳುತ್ತೆ: ಕತ್ತರಿಸಿದ ಎರಡೂ ಮೂಲೆ ಒಂದೇ ಬಣ್ಣ, ಹಾಗಾಗಿ ಉಳಿದಿದ್ದು ಒಂದು ಬಣ್ಣದ 30, ಇನ್ನೊಂದರ 32. ಪಟ್ಟಿ ಎಲ್ಲಿಟ್ರೂ ಒಂದು ಕಪ್ಪು ಒಂದು ಬಿಳಿ ಮುಚ್ಚುತ್ತೆ. ಸಾಧ್ಯನೇ ಇಲ್ಲ. ಒಂದು ಕಪ್ಪು ಒಂದು ಬಿಳಿ ಕತ್ತರಿಸಿದ್ರೆ? ಎಲ್ಲೇ ಕತ್ತರಿಸಿದ್ರೂ ಯಾವಾಗ್ಲೂ ಮುಚ್ಚಬಹುದು, ಇದನ್ನ ತೋರಿಸಿದ್ದು ರಾಲ್ಫ್ ಗೊಮೊರಿ ಅನ್ನೋ ಗಣಿತಜ್ಞ.

ಎಷ್ಟು ಹೊತ್ತು ಅಂದ್ರೆ, ಸಿಟ್ಟು ಬರೋವರೆಗೂ ಕೂತ್ಕೊಳಿ, ಎದ್ದು ಬೇರೆ ಕೆಲಸ ಮಾಡಿ, ರಾತ್ರಿ ಮತ್ತೆ ನೋಡಿ. ಯೂಟ್ಯೂಬಲ್ಲಿ ಉತ್ತರ ನೋಡಿದ್ರೆ "ಓ ಇಷ್ಟೇನಾ" ಅನ್ಸುತ್ತೆ, ಮಾರನೇ ದಿನ ನೆನಪೂ ಇರಲ್ಲ.

ಮಗ "ಇದ್ರಿಂದ ಏನು ಉಪಯೋಗ" ಅಂತಾನೆ. ಏನ್ ಹೇಳ್ಲಿ?

ಕೈ ಎತ್ತದೆ, ಒಂದೇ ಗೆರೆ ಎರಡು ಸಲ ಎಳೀದೆ ಮನೆ ಚಿತ್ರ ಬರೆಯೋ ಆಟ ಅವನೂ ಆಡಿರ್ತಾನೆ, ಚೌಕ, ಒಳಗೆ ಎರಡು ಕರ್ಣ, ಮೇಲೆ ಸೂರು. ಕೆಳಗಿನ ಮೂಲೆಯಿಂದ ಶುರು ಮಾಡಿದ್ರೆ ಬರುತ್ತೆ, ಸೂರು ತೆಗೆದ್ರೆ ಬರೋದೇ ಇಲ್ಲ. ಬೆಸ ಸಂಖ್ಯೆಯ ಗೆರೆ ಸೇರೋ ಮೂಲೆ ಎರಡಕ್ಕಿಂತ ಜಾಸ್ತಿ ಇರಬಾರದು, ಅದೇ ಗುಟ್ಟು. ಕೋನಿಗ್ಸ್‌ಬರ್ಗ್ ಅನ್ನೋ ಊರಲ್ಲಿ ಏಳು ಸೇತುವೆ ಇದ್ವು, ಪ್ರತಿಯೊಂದನ್ನ ಒಂದೇ ಸಲ ದಾಟಿ ಊರು ಸುತ್ತಕ್ಕಾಗುತ್ತಾ ಅಂತ ಜನ ತಲೆ ಕೆಡಿಸ್ಕೊಂಡಿದ್ರು, 1736ರಲ್ಲಿ ಆಯ್ಲರ್ ಅನ್ನೋ ಗಣಿತಜ್ಞ ಇದೇ ಕಾರಣ ಕೊಟ್ಟು ಆಗಲ್ಲ ಅಂದ. ಅದ್ರಿಂದ ಗ್ರಾಫ್ ಥಿಯರಿ (ಚುಕ್ಕಿಗಳು, ಅವನ್ನ ಸೇರಿಸೋ ಗೆರೆಗಳ ಗಣಿತ) ಹುಟ್ತು, ಇವತ್ತು ಫೋನಲ್ಲಿ ಮ್ಯಾಪ್ ದಾರಿ ಹುಡುಕೋದರ ಬುಡದಲ್ಲಿ ಅದೇ ಇದೆ. ಆದ್ರೆ ಕ್ರಿಕೆಟ್ ಆಡುವಾಗ ಅವನು ಉಪಯೋಗ ಕೇಳಲ್ಲ ಅನ್ನೋದನ್ನೂ ಗಮನಿಸಿ. ಉಪಯೋಗ ಕೇಳ್ತಿದಾನೆ ಅಂದ್ರೆ ಬೋರ್ ಆಗಿದೆ ಅಂತ, ಪಜಲ್ ಬದಲಾಯಿಸಿ.

ಸರ್ಕಾರಿ ಸ್ಕೂಲ್ ಮೇಷ್ಟ್ರು ನಾನು. ಸಿಲಬಸ್ ಮುಗಿಸೋದೇ ಕಷ್ಟ, ಇದಕ್ಕೆಲ್ಲ ಟೈಮೆಲ್ಲಿ ಸಾರ್?

ಹತ್ತು ನಿಮಿಷ ಸಾಕು ಸಾರ್, ಶನಿವಾರ ಬೆಳಗ್ಗೆ. 40 ಮಕ್ಕಳಿರೋ ಕ್ಲಾಸಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುತ್ತೆ ಅಂತ ಪಂದ್ಯ ಕಟ್ಟಿ. ಮಕ್ಕಳು 365 ದಿನ ಇದೆಯಲ್ಲ, ಎಲ್ಲಿ ಬರುತ್ತೆ ಅಂತಾರೆ. ನೀವು ಗೆಲ್ಲೋ ಸಾಧ್ಯತೆ ಸುಮಾರು 89 ಪರ್ಸೆಂಟ್, 23 ಮಕ್ಕಳಿದ್ರೇ ಅರ್ಧಕ್ಕಿಂತ ಜಾಸ್ತಿ. ಕಾರಣ, ಮಕ್ಕಳು 40 ಆದ್ರೂ ಜೋಡಿಗಳು 780. ಒಂದು ಎಚ್ಚರ: ಎಷ್ಟೋ ಕಡೆ ದಾಖಲಾತಿಲಿ ಸುಮ್ನೆ ಜೂನ್ 1 ಅಂತ ಬರೆಸಿರ್ತಾರೆ, ಹಾಜರಿ ಪುಸ್ತಕ ನೋಡಿ ಪಂದ್ಯ ಕಟ್ಟಿದ್ರೆ ಅದು ಮೋಸ.

ಪಜಲ್ ಮಾಡಿದ್ರೆ ಮಾರ್ಕ್ಸ್ ಜಾಸ್ತಿ ಬರುತ್ತಾ?

ನೇರವಾಗಿ ಬರಲ್ಲ. ಪರೀಕ್ಷೆಗೆ ಹಳೇ ಪ್ರಶ್ನೆಪತ್ರಿಕೆ ಬಿಡಿಸಿ ಅಭ್ಯಾಸ ಮಾಡ್ಲೇಬೇಕು, ಇದು ಅದಕ್ಕೆ ಬದಲಿ ಅಲ್ಲ. ಗೊತ್ತಿಲ್ಲದ ಲೆಕ್ಕ ಕಂಡ ತಕ್ಷಣ ಹೆದರಿ ಬಿಟ್ಟು ಹೋಗೋದು ಕಮ್ಮಿ ಆಗುತ್ತೆ, ಅಷ್ಟು ಹೇಳಬಹುದು.

ಯಾರೂ ಇನ್ನೂ ಬಿಡಿಸದೇ ಇರೋದು, ಆದ್ರೆ ನಮ್ಮಂಥೋರಿಗೂ ಅರ್ಥ ಆಗೋದು ಇದ್ಯಾ?

ಇದೆ. ಒಂದು ಸಂಖ್ಯೆ ತಗೊಳಿ, ತಿರುಗಿಸಿ ಬರೆದು ಕೂಡಿ, ವಿಕಟಕವಿ ಥರ ಎರಡು ಕಡೆಯಿಂದ ಒಂದೇ ಆಗೋವರೆಗೂ ಮಾಡ್ತಾ ಹೋಗಿ. 87 + 78 = 165, 165 + 561 = 726, 726 + 627 = 1353, 1353 + 3531 = 4884. ಬಂತು. 89 ಹಾಕಿದ್ರೆ 24 ಹೆಜ್ಜೆ ಬೇಕು, ಕೊನೆಗೆ 8813200023188 ಬರುತ್ತೆ, ಮಳೆಗಾಲದ ರಜಾ ದಿನಕ್ಕೆ ಸರಿ. 196 ಹಾಕಿದ್ರೆ? ಕಂಪ್ಯೂಟರ್‌ಗಳು ಕೋಟ್ಯಂತರ ಅಂಕಿ ಉದ್ದದವರೆಗೆ ಹೋದ್ರೂ ಬಂದಿಲ್ಲ, ಬರೋದೇ ಇಲ್ಲ ಅಂತ ಯಾರೂ ಸಾಧಿಸಿಯೂ ಇಲ್ಲ.

ಇನ್ನೊಂದು, 1937ರಲ್ಲಿ ಲೋಥರ್ ಕೊಲಾಟ್ಸ್ ಅನ್ನೋ ಗಣಿತಜ್ಞ ಹೇಳಿದ್ದು: ಸಮ ಸಂಖ್ಯೆ ಆದ್ರೆ ಅರ್ಧ ಮಾಡಿ, ಬೆಸ ಆದ್ರೆ ಮೂರರಿಂದ ಗುಣಿಸಿ ಒಂದು ಕೂಡಿ, ಯಾವತ್ತಿದ್ರೂ 1ಕ್ಕೆ ಬರುತ್ತಾ? 26 ಹತ್ತೇ ಹೆಜ್ಜೆಲಿ ಬರುತ್ತೆ. ಪಕ್ಕದ 27 ಮಾತ್ರ 9232ರವರೆಗೆ ಏರಿ ಇಳಿದು 111 ಹೆಜ್ಜೆ ತಗೊಳುತ್ತೆ. ಎಲ್ಲಾ ಸಂಖ್ಯೆಗೂ ಬರುತ್ತಾ ಅನ್ನೋದು ಇವತ್ತಿಗೂ ಗೊತ್ತಿಲ್ಲ.

ಮಧ್ಯೆ ಮಧ್ಯೆ ಪ್ರಶ್ನೆ ಕೇಳಿ ಬಿಟ್ಟಿದೀರಲ್ಲ, ಉತ್ತರ ಎಲ್ಲಿದೆ?

ಸುಳಿವು ಮಾತ್ರ. ಹುಣಸೆಬೀಜದ ಎರಡನೇ ಆಟದಲ್ಲಿ ಎದುರಿನೋರಿಗೆ ಒಂದೇ ಬೀಜ ಉಳಿಸೋದು ಗುರಿ, ಅಲ್ಲಿಂದ ಹಿಂದಕ್ಕೆ ಎಣಿಸ್ತಾ ಬನ್ನಿ, 21 ಬಂದಾಗ ಮೊದಲ ಆಟ ಬಿಟ್ಟುಕೊಡಬೇಕಾ ಬೇಡ್ವಾ ಗೊತ್ತಾಗುತ್ತೆ. 3 ಮತ್ತೆ 7ರ ಮಗ್ಗಿಗೆ 3 + 7 ಎಷ್ಟು ಅಂತ ನೋಡಿ ಸಾಕು. 97 × 96ಕ್ಕೆ ನೂರಕ್ಕೆ ನೂರರ ಚೌಕ ಬರೆದು ಎರಡು ಅಂಚು ಕತ್ತರಿಸಿ, ಮೂಲೆ ಎರಡು ಸಲ ಕತ್ತರಿಸಿರ್ತೀರ. ಐದಂಕಿ ಕಾಪ್ರೇಕರ್ ಮಾಡುವಾಗ ಒಂದೇ ಸಂಖ್ಯೆಲಿ ನಿಲ್ಲುತ್ತೆ ಅಂತ ಕಾಯ್ತಾ ಕೂರಬೇಡಿ, ಎರಡಂಕಿಲಿ ಏನಾಯ್ತು ನೆನಪಿಸ್ಕೊಳಿ, ಮತ್ತೆ ಬೇರೆ ಬೇರೆ ಸಂಖ್ಯೆಯಿಂದ ಶುರು ಮಾಡಿದ್ರೆ ಬೇರೆ ಬೇರೆ ಕಡೆ ಹೋಗಬಹುದು, ಹಾಗಾಗಿ ಒಂದೇ ಉದಾಹರಣೆ ಮಾಡಿ ನಿಲ್ಲಿಸಬೇಡಿ.